ಮುಂಬಯಿಯ ಸಂಜೆ, ಮತ್ತೊಬ್ಬರ ಕಣಿವೆ

(ದಾದರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಮ್ಮ ದೇಶದಲ್ಲಿ ವಿದ್ಯುತ್ತಿಗೂ ಒಂದು ಮಾರುಕಟ್ಟೆ ಇದೆ. ಅಲ್ಲಿ ದಿನವನ್ನು ಹದಿನೈದು ಹದಿನೈದು ನಿಮಿಷಗಳ 96 ಅವಧಿಗಳಾಗಿ ಒಡೆದು, ಒಂದೊಂದು ಅವಧಿಗೂ ಬೇರೆ ಬೆಲೆ ಕಟ್ಟುತ್ತಾರೆ. ಬಿಸಿಲು ಚೆನ್ನಾಗಿರುವ ದಿನ ನಡು ಮಧ್ಯಾಹ್ನ ಒಂದು ಯೂನಿಟ್ಟಿನ ಬೆಲೆ ಎರಡು ಮೂರು ರೂಪಾಯಿಗೆ, ಒಮ್ಮೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಬೇಡಿಕೆ ಬಿಗಿಯಾಗಿದ್ದರೆ ಅದೇ ದಿನ ಹೊತ್ತು ಮುಳುಗಿ ಒಂದು ಗಂಟೆಯಾಗುವಷ್ಟರಲ್ಲಿ ಅದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿರುವ 10 ರೂಪಾಯಿಯ ಮಿತಿಯನ್ನು ಮುಟ್ಟುತ್ತದೆ. ತಂತಿ ಅದೇ, ಉರಿಯುವ ದೀಪವೂ ಅದೇ. ಬದಲಾದದ್ದು ಗಡಿಯಾರದ ಮುಳ್ಳು. ಸೌರವಿದ್ಯುತ್ತು ದುಬಾರಿಯಾಗಿದ್ದ ಕಾಲದಲ್ಲಿ ಈ ಅಂತರ ಯಾರನ್ನೂ ಕಾಡಿರಲಿಲ್ಲ. ಈಗ ಕರ್ನಾಟಕದ ಪಾವಗಡದ ಸೌರ ಪಾರ್ಕಿನಲ್ಲೂ ರಾಜಸ್ಥಾನದಲ್ಲೂ ಬಿಸಿಲು ಬೇಕಾದುದಕ್ಕಿಂತ ಹೆಚ್ಚು ಕರೆಂಟು ಕೊಡುವ ಗಂಟೆಗಳು ಬರುತ್ತಿವೆ. ಸಾಗಿಸಲು ಮಾರ್ಗ ಸಾಲದೆ, ಕೊಳ್ಳುವವರಿಲ್ಲದೆ, ಫಲಕಗಳು ಬಿಸಿಲಿಗೆ ಮುಖ ಮಾಡಿಕೊಂಡಿದ್ದರೂ ಉತ್ಪಾದನೆಯನ್ನು ಕಡಿತ ಮಾಡಿಸುವ ಪರಿಸ್ಥಿತಿ ರಾಜಸ್ಥಾನದಲ್ಲಿ 2025ರಲ್ಲಿ ದೊಡ್ಡ ಸುದ್ದಿಯಾಯಿತು. ಹಗಲಿನ ಹೆಚ್ಚುವರಿಯನ್ನು ಸಂಜೆಯವರೆಗೆ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಎಂಜಿನಿಯರುಗಳು ತಕ್ಕಮಟ್ಟಿಗೆ ಬಿಡಿಸಿದ್ದಾರೆ. ಎಲ್ಲಿ ಇಡಬೇಕು, ಇಡುವುದರ ಬೆಲೆಯನ್ನು ಯಾರು ತೆರಬೇಕು ಎಂಬುದು ಇನ್ನೂ ಬಿಡಿಸದ ಗಂಟು. ಸಂಜೆಯ ಬೇಡಿಕೆಯನ್ನು ಹುಟ್ಟಿಸುವ ನಗರವೇ ಅದರ ಭಾರವನ್ನು ಮೊದಲು ಹೊರಬೇಕು, ಬೇರೆಯವರ ಕಣಿವೆಯ ಸರದಿ ಕೊನೆಗೆ ಬರಬೇಕು ಎಂಬುದು ನನ್ನ ವಾದ. ಇದಕ್ಕೆ ಕಾರಣಗಳು ನೈತಿಕವಾದವು ಮಾತ್ರವಲ್ಲ, ಹೆಚ್ಚಿನವು ಲೆಕ್ಕದವು.

ವಿದ್ಯುತ್ತನ್ನು ಕೂಡಿಡುವುದು ಹೊಸ ವಿದ್ಯೆ ಎಂಬ ಭಾವನೆ ಇದೆ. ಮುಂಬಯಿಯ ಮಟ್ಟಿಗೆ ಅದು ನಿಜವಲ್ಲ. ಈ ನಗರ ತನ್ನ ಕರೆಂಟನ್ನು ನೂರು ವರ್ಷಕ್ಕೂ ಹಿಂದಿನಿಂದ ಘಟ್ಟದ ಮೇಲೆ ಕೂಡಿಟ್ಟು ಕೆಳಗೆ ತಂದು ಉರಿಸುತ್ತಿದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಕಟ್ಟೆ ಕಟ್ಟಿ ನಿಲ್ಲಿಸಿದರೆ ಉಳಿದ ಎಂಟು ತಿಂಗಳೂ ಗಿರಣಿಗಳು ತಿರುಗಬಹುದು ಎಂಬುದು ಜಮಶೇಟ್‌ಜಿ ಟಾಟಾ ಅವರ ಕನಸಾಗಿತ್ತು. ಅವರು ತೀರಿಹೋದ ಮೇಲೆ, 1910ರಲ್ಲಿ, ಅದಕ್ಕಾಗಿ ಕಂಪನಿ ಸ್ಥಾಪನೆಯಾಯಿತು. 1915ರ ಫೆಬ್ರವರಿಯಲ್ಲಿ ಖೋಪೋಲಿಯ ವಿದ್ಯುದಾಗಾರ ಶುರುವಾಯಿತು. ಲೋಣಾವಳಾ, ವಳವಣ, ಶಿರವತಾ ಕೆರೆಗಳ ನೀರು ಸುಮಾರು 500 ಮೀಟರ್ ಕೆಳಕ್ಕೆ ಧುಮುಕಿ, ಹುಟ್ಟಿದ ಕರೆಂಟು ಪರೇಲಿನ ಕಡೆಯ ಹತ್ತಿಗಿರಣಿಗಳಿಗೆ ಬಂತು. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ಅದರ ಬೆನ್ನಿಗೇ ಬಂದವು. ಮೈಸೂರು ಸಂಸ್ಥಾನ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತ್ತು ಎಂಬ ಹೆಮ್ಮೆ ನಮಗಿದೆ, ಇರಲಿ. ಆದರೆ ಶಿವನಸಮುದ್ರ ಹರಿಯುವ ನದಿಯನ್ನು ನಂಬಿ ಹುಟ್ಟಿದ್ದು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರವೂ ಸೊರಗುತ್ತಿತ್ತು. ಖೋಪೋಲಿಯ ವಿಶೇಷವೆಂದರೆ ಅದು ಆಷಾಢದ ಮಳೆಯನ್ನು ವೈಶಾಖದವರೆಗೆ ಹಿಡಿದಿಟ್ಟದ್ದು.

ನೀರು ಎಷ್ಟು ಶಕ್ತಿಯನ್ನು ಹಿಡಿದಿಡುತ್ತದೆ ಎಂಬುದನ್ನು ತಿಳಿಯಲು ಈ ಸಭೆಯಲ್ಲಿರುವ ಎಲ್ಲರ ಮನೆಯ ಮೇಲೂ ಒಂದು ಮಾದರಿ ಇದೆ: ಸೊಸೈಟಿಯ ಟೆರೇಸಿನ ಟ್ಯಾಂಕು. ಹತ್ತು ಮಹಡಿಯ ಕಟ್ಟಡದ ಮೇಲೆ, ಮೂವತ್ತು ಮೀಟರ್ ಎತ್ತರದಲ್ಲಿ 10 ಸಾವಿರ ಲೀಟರ್ ನೀರು ತುಂಬಿದೆ ಎಂದುಕೊಳ್ಳಿ. ಅಷ್ಟೂ ನೀರನ್ನು ಒಂದು ಪುಟ್ಟ ಟರ್ಬೈನಿನ ಮೂಲಕ ಕೆಳಕ್ಕೆ ಬಿಟ್ಟರೆ ಸಿಗುವುದು ಒಂದು ಯೂನಿಟ್ಟಿಗಿಂತಲೂ ಕಡಿಮೆ. ಒಂದು ಏಸಿ ಒಂದು ಗಂಟೆ ಓಡುವುದೂ ಕಷ್ಟ. ಅದೇ ಹತ್ತು ಸಾವಿರ ಲೀಟರ್ ಮುಳಶಿಯ ಜಲಾಶಯದಿಂದ ಭಿರಾಕ್ಕೆ ಇಳಿದರೆ ಹನ್ನೆರಡು ಯೂನಿಟ್ ಕೊಡುತ್ತದೆ. ನೀರಿನ ಶಕ್ತಿಗೆ ಬೇಕಾದದ್ದು ಎತ್ತರ, ಬಳಿಕ ಗಾತ್ರ. ಎರಡೂ ಒಟ್ಟಿಗೆ ಸಿಗುವ ಜಾಗ ಪಶ್ಚಿಮ ಘಟ್ಟ. ಲೆಕ್ಕ ಹಾಕುವವನ ಕಣ್ಣು ಮತ್ತೆ ಮತ್ತೆ ಮುಳಶಿ, ಕೊಯ್ನಾ, ಶರಾವತಿ, ವಾರಾಹಿಗಳ ಕಡೆಗೇ ಹೋಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಶರಾವತಿಯ ಲಿಂಗನಮಕ್ಕಿಯನ್ನೇ ನೋಡಿ. ತುಂಬಿದಾಗ ಅಲ್ಲಿರುವ ಸುಮಾರು 150 ಟಿಎಂಸಿ ನೀರು, ವಿದ್ಯುತ್ತಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 400 ಕೋಟಿ ಯೂನಿಟ್. ದೇಶದಲ್ಲಿ ಇಂದು ಕೂಡಿಸಿರುವ ಬ್ಯಾಟರಿಗಳನ್ನೆಲ್ಲ ಒಂದೆಡೆ ರಾಶಿ ಹಾಕಿದರೂ ಆ ಸಂಖ್ಯೆಯ ಪಕ್ಕದಲ್ಲಿ ಕಾಣುವುದಿಲ್ಲ. ಹಗಲು ಪಾವಗಡದ ಬಿಸಿಲಿನ ಕರೆಂಟು ಬರುತ್ತಿರುವಾಗ ಶರಾವತಿಯ ಟರ್ಬೈನುಗಳನ್ನು ಸುಮ್ಮನಿರಿಸಿ, ಸಂಜೆ ತಿರುಗಿಸಿದರೆ ಅದೇ ಒಂದು ಸಂಗ್ರಹ. ಪಂಪು ಬೇಡ, ಹೊಸ ಸುರಂಗ ಬೇಡ. ನೀರನ್ನು ಬಿಡದೆ ತಡೆದುಕೊಂಡರಾಯಿತು. ಕರ್ನಾಟಕ ಇದನ್ನು ಹೆಚ್ಚು ಸದ್ದಿಲ್ಲದೆ ಮಾಡುತ್ತಲೂ ಇದೆ. ಆದರೆ 2023ರಂತೆ ಮಳೆ ಕೈಕೊಟ್ಟರೆ ತಡೆದುಕೊಳ್ಳಲು ನೀರೇ ಇರುವುದಿಲ್ಲ. ಆ ವರ್ಷದ ಅಕ್ಟೋಬರಿನ ಲೋಡ್ ಶೆಡ್ಡಿಂಗ್ ರಾಜ್ಯದ ಜನಕ್ಕೆ ನೆನಪಿದೆ.

ಇಲ್ಲಿಂದ ಪಂಪ್ಡ್ ಸ್ಟೋರೇಜ್ ಎಂಬ ಮಾತು ಶುರುವಾಗುತ್ತದೆ. ಮೇಲೊಂದು ಜಲಾಶಯ, ಕೆಳಗೊಂದು. ಕರೆಂಟು ಅಗ್ಗವಾಗಿರುವಾಗ ನೀರನ್ನು ಮೇಲೆತ್ತಿ, ದುಬಾರಿಯಾದಾಗ ಇಳಿಸುವುದು. ಭಿರಾದಲ್ಲಿ 150 ಮೆಗಾವ್ಯಾಟಿನ ಇಂಥ ಘಟಕ 1990ರ ದಶಕದಿಂದ ಇದೆ. ಅಂದರೆ ನಮ್ಮಲ್ಲಿ ಅನೇಕರು ಗೊತ್ತಿಲ್ಲದೆಯೇ ಕೂಡಿಟ್ಟ ಕರೆಂಟನ್ನು ಉರಿಸಿದ್ದೇವೆ. 2008ರಲ್ಲಿ ಘಾಟಘರದಲ್ಲಿ 250 ಮೆಗಾವ್ಯಾಟಿನ ಇನ್ನೊಂದು ಬಂತು. ಆಗ ಇವುಗಳ ಉದ್ದೇಶ ಬೇರೆಯಿತ್ತು: ರಾತ್ರಿ ಮಲಗುವ ಹೊತ್ತಿನಲ್ಲೂ ಉರಿಯಲೇಬೇಕಾದ ಕಲ್ಲಿದ್ದಲಿನ ಘಟಕಗಳ ಹೆಚ್ಚುವರಿಯನ್ನು ನುಂಗುವುದು. ಈಗ ಎತ್ತುವ ಹೊತ್ತು ರಾತ್ರಿಯಿಂದ ಮಧ್ಯಾಹ್ನಕ್ಕೆ ಬಂದಿದೆ, ಯಂತ್ರ ಅದೇ. 2023ರ ಆಗಸ್ಟಿನಲ್ಲಿ ಟಾಟಾ ಪವರ್ ಮಹಾರಾಷ್ಟ್ರ ಸರಕಾರದೊಡನೆ ಇನ್ನೂ ದೊಡ್ಡ ಒಪ್ಪಂದವೊಂದಕ್ಕೆ ಸಹಿ ಹಾಕಿತು: ಶಿರವತಾದಲ್ಲಿ 1,800, ಭಿವಪುರಿಯಲ್ಲಿ 1,000, ಒಟ್ಟು 2,800 ಮೆಗಾವ್ಯಾಟ್. ಮುಂಬಯಿಯ ಅತಿ ಹೆಚ್ಚಿನ ಬೇಡಿಕೆ 4 ಸಾವಿರ ಮೆಗಾವ್ಯಾಟ್ ದಾಟಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಯೋಜನೆಯ ಗಾತ್ರ ತಿಳಿಯುತ್ತದೆ.

ಇದರ ಒಳ್ಳೆಯ ಮುಖವನ್ನು ಮೊದಲು ಹೇಳಬೇಕು, ಅದು ನೀರಿನ ಲೆಕ್ಕದ್ದು. ಭೀಮಾ ತೀರದ ಇಂಡಿ, ಅಫಜಲಪುರಗಳಿಂದ, ಅಕ್ಕಲಕೋಟೆಯಿಂದ ಈ ನಗರಕ್ಕೆ ಬಂದ ಕನ್ನಡಿಗರು ಸಾವಿರಾರು. ಮುಳಶಿ, ಠೋಕರವಾಡಿ, ಶಿರವತಾ ಜಲಾಶಯಗಳ ನೀರು ಸಹಜವಾಗಿ ಹರಿದಿದ್ದರೆ ಪೂರ್ವಕ್ಕೆ ಇಳಿದು ಭೀಮೆಯನ್ನು ಸೇರಿ ಅದೇ ಊರುಗಳ ಮುಂದೆ ಹಾದು ಕೃಷ್ಣೆಗೆ ಹೋಗಬೇಕಿತ್ತು. ವಿದ್ಯುತ್ತಿಗಾಗಿ ಅದನ್ನು ಪಶ್ಚಿಮಕ್ಕೆ ತಿರುಗಿಸಿ ಕೊಂಕಣಕ್ಕೆ ಕೆಡವಿದ್ದೇವೆ. ಕೃಷ್ಣಾ ನ್ಯಾಯಮಂಡಳಿ ಈ ತಿರುವಿಗೆ ಮಿತಿ ಹಾಕಬೇಕಾಗಿ ಬಂದದ್ದು, ಆ ನೀರನ್ನು ಮರಳಿ ಪೂರ್ವಕ್ಕೆ ಬಿಡಿ ಎಂಬ ಕೂಗು ಬರಗಾಲ ಬಂದಾಗಲೆಲ್ಲ ಏಳುವುದು ಇದೇ ಕಾರಣಕ್ಕೆ. ಹಾಗೆಂದು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಟರ್ಬೈನು ದಾಟಿ ಬಂದ ನೀರು ಉಲ್ಹಾಸ, ಪಾತಾಳಗಂಗಾ, ಕುಂಡಲಿಕಾಗಳಲ್ಲಿ ಹರಿದು ಲಕ್ಷಾಂತರ ಜನ ಅದನ್ನು ಕುಡಿಯುತ್ತಿದ್ದಾರೆ. ಪಂಪ್ಡ್ ಸ್ಟೋರೇಜ್ ಈ ಜಗಳವನ್ನು ಹೆಚ್ಚಿಸುವುದಿಲ್ಲ, ಏಕೆಂದರೆ ಅದು ಒಂದೇ ನೀರನ್ನು ಇಳಿಸಿ, ಏರಿಸಿ, ಮತ್ತೆ ಇಳಿಸುತ್ತದೆ. 4 ಸಾವಿರ ಮೆಗಾವ್ಯಾಟ್ ನಾಲ್ಕು ಗಂಟೆ ಓಡಿದರೆ 1.6 ಕೋಟಿ ಯೂನಿಟ್. 500 ಮೀಟರ್ ಎತ್ತರದಿಂದ ಇಳಿಸಿ ಅಷ್ಟನ್ನು ಪಡೆಯಲು ಬೇಕಾಗುವ ನೀರು ಅರ್ಧ ಟಿಎಂಸಿಗಿಂತ ಕಡಿಮೆ. ಆ ಅರ್ಧ ಟಿಎಂಸಿ ಮರುದಿನ ಮಧ್ಯಾಹ್ನ ಮೇಲೆ ಬಂದಿರುತ್ತದೆ. ಆವಿಯಾಗಿ ಹೋದದ್ದನ್ನು ಮಾತ್ರ ತುಂಬಬೇಕು. ಮುಂಬಯಿಯ ಒಂದು ಇಡೀ ಸಂಜೆಗೆ ಅರ್ಧ ಟಿಎಂಸಿ ಸಾಕು ಎಂಬುದು, ಟಿಎಂಸಿ ಟಿಎಂಸಿಗೂ ಕಾದಾಡಿದ ರಾಜ್ಯಗಳ ಜನ ಗಮನಿಸಬೇಕಾದ ಸಂಗತಿ.

ಇನ್ನೊಂದು ಮುಖ ನೆಲ ಕಳೆದುಕೊಂಡವರದು. ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಹಳಿಗಳ ಉದ್ದಕ್ಕೂ ಹೋಗುವ ರಸ್ತೆಗೆ ಸೇನಾಪತಿ ಬಾಪಟ್ ಮಾರ್ಗ ಎಂದು ಹೆಸರು. ಹಳಬರ ಬಾಯಲ್ಲಿ ಅದು ತುಳಸಿ ಪೈಪ್ ರೋಡ್. ತುಳಸಿ ಕೆರೆಯ ನೀರಿನ ಕೊಳವೆ ಅಲ್ಲಿ ಹಾದುಹೋಗಿದೆ. ನೀರು ತಂದ ಕೊಳವೆಯ ಹೆಸರನ್ನು ತೆಗೆದು, ನೀರು ಕಟ್ಟುವುದನ್ನು ವಿರೋಧಿಸಿದವನ ಹೆಸರನ್ನು ಇಟ್ಟದ್ದು ಯಾರೂ ಯೋಚಿಸಿ ಮಾಡಿದ್ದಿರಲಿಕ್ಕಿಲ್ಲ. ಪಾಂಡುರಂಗ ಮಹಾದೇವ ಬಾಪಟ್ 1921ರಿಂದ 1924ರವರೆಗೆ ಮುಳಶಿಯಲ್ಲಿ ಸತ್ಯಾಗ್ರಹ ನಡೆಸಿದರು. ಸೇನಾಪತಿ ಎಂಬ ಬಿರುದು ಅವರಿಗೆ ಅಂಟಿದ್ದು ಅಲ್ಲಿಂದ. ಆ ಅಣೆಕಟ್ಟಿಗೆ ಐವತ್ತರ ಆಸುಪಾಸು ಹಳ್ಳಿಗಳ ಮಾವಳಿ ರೈತರ ಗದ್ದೆಗಳು ಹೋದವು. ಭೂಸ್ವಾಧೀನದ ಕಾನೂನು ಕಂಪನಿಯ ಬೆನ್ನಿಗಿತ್ತು, ಪರಿಹಾರದ ಹಣದಲ್ಲಿ ದೊಡ್ಡ ಪಾಲು ಸಾಲ ಕೊಟ್ಟಿದ್ದ ಸಾಹುಕಾರರಿಗೆ ಸೇರುವಂತಿತ್ತು. ಸತ್ಯಾಗ್ರಹ ಸೋತಿತು, ಅಣೆಕಟ್ಟು ಎದ್ದಿತು, ಪರೇಲಿನ ಗಿರಣಿಗಳಿಗೆ ಕರೆಂಟು ಬಂತು. ಗಿರಣಿಗಳೂ ಈಗಿಲ್ಲ, ಆ ಜಾಗದ ಮಾಲುಗಳಿಗೆ, ಗಾಜಿನ ಕಚೇರಿಗಳಿಗೆ ಕರೆಂಟು ಇನ್ನೂ ಬರುತ್ತಿದೆ. ಶರಾವತಿಯ ಕಥೆ ಇದಕ್ಕಿಂತ ಬೇರೆಯಲ್ಲ. ಲಿಂಗನಮಕ್ಕಿಯ ಅಣೆಕಟ್ಟು 1964ರದ್ದು. ಅರವತ್ತು ವರ್ಷ ಕಳೆದರೂ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಸಾಗರ, ಶಿವಮೊಗ್ಗಗಳ ಪ್ರತಿ ಚುನಾವಣೆಯಲ್ಲೂ ಏಳುತ್ತದೆ ಎಂದರೆ ಅದು ಬಗೆಹರಿದಿಲ್ಲ ಎಂದೇ ಅರ್ಥ.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಎರಡೂ ಇರುವ ಜಲಾಶಯಗಳೇ, ಹೊಸದಾಗಿ ಮುಳುಗುವ ಊರಿಲ್ಲ ಎಂಬುದು ಅದರ ಪರವಾಗಿರುವ ಬಲವಾದ ವಾದ. ಆ ವಾದವನ್ನು ತಳ್ಳಿಹಾಕುವಂತಿಲ್ಲ; ಎರಡು ಜಲಾಶಯ ಸಿದ್ಧವಿರುವ ತಾಣ ಅಪರೂಪ. ಆದರೆ ಎರಡನ್ನೂ ಕೂಡಿಸುವ ಸುರಂಗಗಳು, ನೆಲದೊಳಗಿನ ವಿದ್ಯುದಾಗಾರ, ಅಲ್ಲಿಗೆ ಹೋಗುವ ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ ಇವೆಲ್ಲ ಬೀಳುವುದು ಸಿಂಗಳೀಕ ಅಭಯಾರಣ್ಯದೊಳಗೆ. ಸಿಂಗಳೀಕ ಮರದಿಂದ ಮರಕ್ಕೆ ಸಾಗಿ ಬದುಕುವ ಪ್ರಾಣಿ. ನಡುವೆ ಅಗಲವಾದ ರಸ್ತೆ ಬಂದರೆ ಅದರ ಪಾಲಿಗೆ ಕಾಡು ಎರಡಾಗುತ್ತದೆ. ಮೇಲಾಗಿ ಈ ಘಟ್ಟಗಳಲ್ಲಿ ಮಳೆಗಾಲದ ಗುಡ್ಡಕುಸಿತ ಪ್ರತಿ ವರ್ಷದ ಸುದ್ದಿಯಾಗಿದೆ. ಹೊನ್ನಾವರ, ಸಾಗರಗಳಲ್ಲಿ ಎದ್ದಿರುವ ವಿರೋಧವನ್ನು ಅಭಿವೃದ್ಧಿಗೆ ಅಡ್ಡಗಾಲು ಎಂದು ಬೈದು ಮುಗಿಸುವುದು ಸುಲಭ. ನಾನು ಹಾಗೆ ಮಾಡಲಾರೆ, ಏಕೆಂದರೆ ನಮ್ಮಲ್ಲಿ ಈಗಾಗಲೇ ಇರುವುದನ್ನು ಸರಿಯಾಗಿ ಬಳಸಿಕೊಂಡಿದ್ದೇವೆಯೇ ಎಂದು ವಿರೋಧಿಸುವವರು ಕೇಳಿದರೆ ಉತ್ತರ ಮುಜುಗರದ್ದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಕೆಲವೇ ವರ್ಷಗಳ ಹಿಂದಿನ ಲೆಕ್ಕದಂತೆ ದೇಶದಲ್ಲಿ ಸ್ಥಾಪಿತವಾಗಿದ್ದ ಪಂಪ್ಡ್ ಸ್ಟೋರೇಜ್ ಸುಮಾರು 4,700 ಮೆಗಾವ್ಯಾಟ್. ಅದರಲ್ಲಿ ನೀರನ್ನು ನಿಜಕ್ಕೂ ಮೇಲೆತ್ತುತ್ತಿದ್ದದ್ದು ಸುಮಾರು 3,300 ಮಾತ್ರ. ಉಳಿದ ಕಡೆ ಯಂತ್ರ ಎರಡೂ ದಿಕ್ಕಿಗೆ ತಿರುಗಬಲ್ಲದು, ಆದರೆ ಕೆಳಗಿನ ಜಲಾಶಯದ ಕೆಲಸ ಮುಗಿದಿರಲಿಲ್ಲ ಅಥವಾ ಬೇರೇನೋ ಅಡ್ಡಿಯಿತ್ತು. ಹಾಸಿಗೆ ಇದ್ದಷ್ಟೂ ಕಾಲು ಚಾಚದವರು ಹೊಸ ಹಾಸಿಗೆ ಕೇಳುತ್ತಿದ್ದೇವೆ.

ಹಾಗಾದರೆ ನಗರ ತಾನೇ ಏನು ಮಾಡಬಹುದು? ಮೊದಲನೆಯದು ಕೂಡಿಡುವ ಅಗತ್ಯವನ್ನೇ ಇಳಿಸುವುದು. ಮುಂಬಯಿಯ ಬೇಸಿಗೆಯ ಬೇಡಿಕೆಯಲ್ಲಿ ದೊಡ್ಡ ಪಾಲು ಏಸಿಗಳದ್ದು, ಕಚೇರಿಗಳಿರುವ ಕಡೆ ಅದರ ತುದಿ ಬರುವುದು ಮಧ್ಯಾಹ್ನ. ಇದು ಬಿಸಿಲಿನ ಹೊತ್ತಿಗೆ ಹೊಂದುವ ಸಂಗತಿ, ಅದೃಷ್ಟವೆನ್ನಬೇಕು. ತೊಂದರೆ ಇರುವುದು ಅದರ ಬಾಲದಲ್ಲಿ: ಕಚೇರಿ ಮುಚ್ಚುವ ಮುನ್ನವೇ ಉಪನಗರದ ಮನೆಗಳಲ್ಲಿ ಏಸಿ ಶುರುವಾಗುತ್ತದೆ. ದೊಡ್ಡ ಕಟ್ಟಡಗಳು ಮಧ್ಯಾಹ್ನವೇ ನೀರನ್ನು ತಣಿಸಿ ತೊಟ್ಟಿಯಲ್ಲಿಟ್ಟುಕೊಂಡು ಸಂಜೆ ಆ ತಂಪನ್ನು ಬಳಸುವುದು ಹಳೆಯ, ಗೊತ್ತಿರುವ ವಿಧಾನ. ತಂಪನ್ನು ಕೂಡಿಡುವುದು ಕರೆಂಟನ್ನು ಕೂಡಿಡುವುದಕ್ಕಿಂತ ಅಗ್ಗ. ಶೀತಲಗೃಹಗಳು, ನೀರೆತ್ತುವ ಪಂಪುಗಳು, ಡಿಪೋದಲ್ಲಿ ನಿಂತ ಬೆಸ್ಟಿನ ವಿದ್ಯುತ್ ಬಸ್ಸುಗಳು ಇವೆಲ್ಲ ಸ್ವಲ್ಪ ಹೊತ್ತು ಮುಂಚೆ ಅಥವಾ ತಡವಾಗಿ ಕರೆಂಟು ಕುಡಿದರೆ ಯಾರಿಗೂ ನಷ್ಟವಿಲ್ಲ. ಹಳ್ಳಿಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ನಡುರಾತ್ರಿ ಬ್ಯಾಟರಿ ದೀಪ ಹಿಡಿದು, ಹಾವಿಗೆ ಹೆದರುತ್ತ ನೀರು ಕಟ್ಟುತ್ತಿದ್ದ ರೈತನಿಗೆ ಹಗಲು ಕರೆಂಟು ಸಿಕ್ಕರೆ ಬಿಸಿಲಿನ ಹೆಚ್ಚುವರಿ ಹೊಲದ ತೇವವಾಗಿ ಉಳಿಯುತ್ತದೆ. ಮಹಾರಾಷ್ಟ್ರವೂ ಸೌರ ಕೃಷಿ ವಾಹಿನಿ ಯೋಜನೆಯಲ್ಲಿ ಇದೇ ದಾರಿ ಹಿಡಿದಿದೆ. ರೈತ ತನ್ನ ಹೊತ್ತನ್ನು ಬದಲಿಸಿಕೊಂಡಿದ್ದಾನೆ ಎಂದ ಮೇಲೆ ಮಾಲಿನವನು ಬದಲಿಸಲಾರೆ ಎನ್ನುವುದು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ.

ಹೀಗೆ ಹೊತ್ತು ಬದಲಿಸಲು ಬೆಲೆಯ ಸೂಚನೆ ಬೇಕು. 2023ರಲ್ಲಿ ಕೇಂದ್ರ ಸರಕಾರ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ಬಿಸಿಲಿನ ಗಂಟೆಗಳಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ ನೂರಕ್ಕೆ 20 ಕಡಿಮೆ ಇರಬೇಕು, ಬೇಡಿಕೆಯ ತುದಿಯಲ್ಲಿ ಹೆಚ್ಚಿರಬೇಕು ಎಂದು ಹೇಳಿತು. ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ: ಚಾಳಿನ ಒಂದು ಖೋಲಿಯಲ್ಲಿ ಐದು ಜನರಿರುವ ಸಂಸಾರ ಸಂಜೆ ಏಳಕ್ಕೆ ಫ್ಯಾನು, ದೀಪ ಹಾಕದೆ ಇನ್ಯಾವಾಗ ಹಾಕಬೇಕು? ಹೊತ್ತಿಗೊಂದು ದರವೆಂದರೆ ಬದಲಿಸಲಾಗದವನ ಮೇಲೆ ದಂಡವಲ್ಲವೇ? ಹೌದು, ಎಲ್ಲರಿಗೂ ಒಂದೇ ರೀತಿ ಹಾಕಿದರೆ ದಂಡವೇ. ಆದರೆ ಸಂಜೆಯ ಗುಡ್ಡವನ್ನು ಎಬ್ಬಿಸುವುದು ಆ ಫ್ಯಾನಲ್ಲ. ಕಡಿಮೆ ಯೂನಿಟ್ಟಿನ ಹಂತದವರಿಗೆ ಸಂಜೆಯ ಹೆಚ್ಚುವರಿ ಬೇಡ, ಹಗಲಿನ ರಿಯಾಯಿತಿ ಮಾತ್ರ ಇರಲಿ. ಹೆಚ್ಚುವರಿ ಕೊಡುವವರು ಮೂರು ಏಸಿಯ ಮನೆಯವರು, ವಾಣಿಜ್ಯದವರು. ದರಪಟ್ಟಿಯಲ್ಲಿ ಹಂತಗಳು ಈಗಾಗಲೇ ಇರುವಾಗ ಇದನ್ನು ಜಾರಿಗೆ ತರುವುದು ಕಷ್ಟವಲ್ಲ.

ಎರಡನೆಯದು ಬ್ಯಾಟರಿ. ಐದು ವರ್ಷದ ಹಿಂದೆ ಇದೇ ಮಾತನ್ನು ಆಡಿದ್ದರೆ ಲೆಕ್ಕ ನನ್ನ ವಿರುದ್ಧ ಇರುತ್ತಿತ್ತು. 2022ರಲ್ಲಿ ನಮ್ಮ ದೇಶದ ದೊಡ್ಡ ಟೆಂಡರಿನಲ್ಲಿ ಎರಡು ಗಂಟೆಯ ಬ್ಯಾಟರಿಗೆ ಬಂದ ಬಾಡಿಗೆ ಮೆಗಾವ್ಯಾಟಿಗೆ ತಿಂಗಳಿಗೆ 10 ಲಕ್ಷ ರೂಪಾಯಿಗೂ ಹೆಚ್ಚು. 2024ರ ಕೊನೆಯ ಹೊತ್ತಿಗೆ ಅದು ಎರಡೂವರೆ ಲಕ್ಷದ ಆಸುಪಾಸಿಗೆ ಇಳಿದಿತ್ತು. ಸರಕಾರದ ಸಹಾಯಧನ ಅದರಲ್ಲಿ ಸ್ವಲ್ಪ ಸೇರಿದೆ ಎಂಬುದನ್ನು ಮರೆಯಬಾರದು. ಅದನ್ನು ಕಳೆದರೂ ಇಳಿತ ದೊಡ್ಡದೇ. ದಿಲ್ಲಿಯ ರೋಹಿಣಿಯಲ್ಲಿ 10 ಮೆಗಾವ್ಯಾಟಿನ ಬ್ಯಾಟರಿ 2019ರಿಂದ ಇದೆ, ಕಿಲೋಕರಿಯಲ್ಲಿ 20 ಮೆಗಾವ್ಯಾಟಿನದು 2025ರಲ್ಲಿ ಬಂತು. ಎರಡೂ ಜನವಸತಿಯ ನಡುವಿನ ಸಬ್‌ಸ್ಟೇಷನ್ನುಗಳಲ್ಲಿ. ಮುಂಬಯಿಯಲ್ಲಿ ಹತ್ತು ಜಾಗಗಳಲ್ಲಿ ಒಟ್ಟು 100 ಮೆಗಾವ್ಯಾಟ್ ಬ್ಯಾಟರಿ ಕೂಡಿಸಲು ಟಾಟಾ ಪವರಿಗೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2025ರಲ್ಲಿ ಒಪ್ಪಿಗೆ ಕೊಟ್ಟಿದೆ.

ನೂರು ಮೆಗಾವ್ಯಾಟ್ ಎಂದರೆ ನಗೆ ಬರಬಹುದು. ಎರಡು ಗಂಟೆಯ ಬ್ಯಾಟರಿ ಎಂದುಕೊಂಡರೂ ಇಡೀ ಮುಂಬಯಿಯನ್ನು ಅದು ಮೂರು ನಿಮಿಷ ನಡೆಸೀತು. ಆದರೆ ಸಂಗ್ರಹಕ್ಕೆ ಇಡೀ ನಗರವನ್ನು ಹೊರುವ ಕೆಲಸ ಇಲ್ಲ. ಮುಂಬಯಿ ಮೂರು ಕಡೆ ನೀರಿರುವ ನಗರ. ಹೊರಗಿನ ಕರೆಂಟು ಒಳಗೆ ಬರುವ ಮಾರ್ಗಗಳು ಎಣಿಸುವಷ್ಟು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವೆ-ಪಡಘೆ ಭಾಗದ ಮಾರ್ಗಗಳು ಕೈಕೊಟ್ಟಾಗ, ಹೊರಗಿನ ಗ್ರಿಡ್ ಬಿದ್ದರೂ ನಗರವನ್ನು ಪ್ರತ್ಯೇಕಿಸಿ ಉಳಿಸುತ್ತದೆ ಎಂದು ನಂಬಿದ್ದ ವ್ಯವಸ್ಥೆ ಕೆಲಸ ಮಾಡಲಿಲ್ಲ. ಲೋಕಲ್ ರೈಲುಗಳು ಹಳಿಯ ಮೇಲೆ ನಿಂತವು, ಕೋವಿಡ್ ಕಾಲದ ಆಸ್ಪತ್ರೆಗಳು ಜನರೇಟರಿಗೆ ಓಡಿದವು. ಅಂಥ ಕ್ಷಣದಲ್ಲಿ ಬೇಕಾಗುವುದು ನೂರಾರು ಕಿಲೋಮೀಟರ್ ಆಚೆಯ ಕಣಿವೆಯಲ್ಲಿರುವ 2 ಸಾವಿರ ಮೆಗಾವ್ಯಾಟ್ ಅಲ್ಲ, ಏಕೆಂದರೆ ಅದು ಬರಬೇಕಾದದ್ದೂ ಬಿದ್ದುಹೋದ ತಂತಿಯ ಮೇಲೆಯೇ. ನಗರದೊಳಗೆ ಇರುವ, ಕ್ಷಣಾರ್ಧದಲ್ಲಿ ಎದ್ದು ನಿಂತು ಉಳಿದ ಘಟಕಗಳನ್ನು ಮತ್ತೆ ಶುರುಮಾಡಿಸುವ ನೂರು ಮೆಗಾವ್ಯಾಟ್ ಆಗ ಉಪಯೋಗಕ್ಕೆ ಬರುತ್ತದೆ. ದಕ್ಷಿಣ ಆಸ್ಟ್ರೇಲಿಯಾ 2016ರಲ್ಲಿ ರಾಜ್ಯವಿಡೀ ಕತ್ತಲಾದ ಮೇಲೆಯೇ 2017ರಲ್ಲಿ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವ್ಯಾಟಿನ ಬ್ಯಾಟರಿ ಕೂಡಿಸಿತು. ಕ್ಯಾಲಿಫೋರ್ನಿಯಾ 2024ರ ಹೊತ್ತಿಗೆ 10 ಸಾವಿರ ಮೆಗಾವ್ಯಾಟ್ ದಾಟಿತು. ಅಲ್ಲಿ ಈಗ ಕೆಲವು ಸಂಜೆಗಳಲ್ಲಿ ಸ್ವಲ್ಪ ಹೊತ್ತಾದರೂ ಬ್ಯಾಟರಿಗಳೇ ಎಲ್ಲಕ್ಕಿಂತ ಹೆಚ್ಚು ಕರೆಂಟು ಕೊಡುತ್ತವೆ. ಮುಂಬಯಿಗೆ ಇನ್ನೊಂದು ಲಾಭವೂ ಇದೆ. ಟ್ರಾಂಬೆ, ಡಹಾಣುಗಳ ಕಲ್ಲಿದ್ದಲಿನ ಘಟಕಗಳನ್ನು ನಿಲ್ಲಿಸಲಾಗದೆ ಇರುವುದಕ್ಕೆ ಒಂದು ಕಾರಣ, ತುದಿ ಬೇಡಿಕೆಯ ಹೊತ್ತಿಗೆ ನಗರದ ಹತ್ತಿರವೇ ಏನಾದರೂ ಉರಿಯಬೇಕು ಎಂಬುದು. ಆ ಸ್ಥಾನಕ್ಕೆ ಬ್ಯಾಟರಿ ಬಂದಷ್ಟೂ ಮಾಹುಲ್, ಚೆಂಬೂರಿನ ಜನ ಸ್ವಲ್ಪ ಶುದ್ಧ ಗಾಳಿ ಉಸಿರಾಡಿಯಾರು.

ಬ್ಯಾಟರಿಯ ಮೇಲಿನ ಆಕ್ಷೇಪಗಳು ಹಗುರವಲ್ಲ. ಆಯುಸ್ಸು ಹತ್ತು-ಹದಿನೈದು ವರ್ಷ. ಖೋಪೋಲಿಯ ಕೆರೆಗಳಿಗೆ ನೂರು ದಾಟಿದೆ. ಕೋಶಗಳು ಹೆಚ್ಚಾಗಿ ಚೀನದಿಂದ ಬರುತ್ತವೆ. ಇವು ನಿಜ. ಆದರೆ ಬೆಲೆ ಇಷ್ಟು ವೇಗವಾಗಿ ಇಳಿಯುವ ಕಾಲದಲ್ಲಿ ಅಲ್ಪಾಯುಸ್ಸು ಒಂದು ರೀತಿಯ ಅನುಕೂಲವೂ ಹೌದು: ಇಂದು ತಪ್ಪು ಬ್ಯಾಟರಿ ಕೊಂಡರೆ ಹನ್ನೆರಡು ವರ್ಷಕ್ಕೆ ಬಿಡುಗಡೆ, ಇಂದು ತಪ್ಪು ಸುರಂಗ ಕೊರೆದರೆ ಕಾಡಿಗೆ ಎಂದೂ ಬಿಡುಗಡೆಯಿಲ್ಲ. ಹಿಂತೆಗೆದುಕೊಳ್ಳಬಹುದಾದ ನಿರ್ಧಾರವನ್ನು ಮೊದಲು ಮಾಡಬೇಕು, ಹಿಂತೆಗೆದುಕೊಳ್ಳಲಾಗದ್ದನ್ನು ತಡಮಾಡಬೇಕು. ಪರಾವಲಂಬನೆಗೆ ಒಂದೇ ಬಗೆಯ ಬ್ಯಾಟರಿಗೆ ಜೋತುಬೀಳದಿರುವುದು ಪರಿಹಾರ. ಸೋಡಿಯಂ ಬ್ಯಾಟರಿಗಳು ಬರುತ್ತಿವೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಿ ದ್ರವವಾಗಿಟ್ಟು, ಮತ್ತೆ ಅರಳಿಸಿ ಟರ್ಬೈನು ತಿರುಗಿಸುವ 160 ಮೆಗಾವ್ಯಾಟ್-ಗಂಟೆಯ ಸಂಗ್ರಹಕ್ಕೆ ಎನ್‌ಟಿಪಿಸಿ ಕೈಹಾಕಿದೆ. ಹೈಡ್ರೋಜನ್ನಿನ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಕರೆಂಟಿನಿಂದ ಅದನ್ನು ಮಾಡಿ ಮತ್ತೆ ಕರೆಂಟು ಮಾಡಿದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಹೋಗುತ್ತದೆ, ಸಂಜೆಯ ದೀಪಕ್ಕೆ ಅದು ಹೇಳಿಸಿದ್ದಲ್ಲ.

ಬೆಂಕಿಯ ಭಯ ಬೇರೆ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗಿನಲ್ಲಿ ದೊಡ್ಡ ಬ್ಯಾಟರಿ ಕೇಂದ್ರ ಹೊತ್ತಿ ಉರಿದು ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. ಅಂಥದ್ದನ್ನು ದಾದರಿನಲ್ಲೋ ಧಾರಾವಿಯಲ್ಲೋ ತಂದಿಡುವುದೇ ಎಂದು ಕೇಳಿದರೆ, ಅಂಥದ್ದನ್ನು ಖಂಡಿತ ಬೇಡ. ಅಲ್ಲಿ ಸಾವಿರಾರು ಕೋಶಗಳು ಒಂದೇ ಹಳೆಯ ಕಟ್ಟಡದೊಳಗೆ ಒತ್ತಾಗಿ ಇದ್ದವು, ಅವುಗಳ ರಸಾಯನವೂ ಬೇಗ ಕಾವೇರುವಂಥದ್ದು. ಕಬ್ಬಿಣ-ಫಾಸ್ಫೇಟ್ ಬಗೆಯ ಕೋಶಗಳನ್ನು ಬಯಲಿನಲ್ಲಿ, ಬಿಡಿ ಬಿಡಿ ಕಂಟೇನರುಗಳಲ್ಲಿ, ನಡುವೆ ಅಂತರ ಬಿಟ್ಟು ಇಡುವುದು ಈಗಿನ ಕ್ರಮ. ಮುಂಬಯಿಯಲ್ಲಿ ಆ ಅಂತರಕ್ಕೆ ಜಾಗವೇ ದುಬಾರಿ ಎಂಬುದು ಈ ವಾದದ ನಿಜವಾದ ದುರ್ಬಲ ಜಾಗ, ಒಪ್ಪುತ್ತೇನೆ. ಸಬ್‌ಸ್ಟೇಷನ್ನುಗಳ ಒಳಗಿನ ಖಾಲಿ ನೆಲ, ಟ್ರಾಂಬೆಯಂಥ ಕಡೆ ಮುಚ್ಚುವ ಘಟಕಗಳ ಅಂಗಳ ಸಾಲುವಷ್ಟು ಮಾತ್ರ ಇಲ್ಲಿಡಬೇಕು, ಮಿಕ್ಕದ್ದು ಘಟ್ಟದ ನೀರಿಗೇ ಹೋಗಬೇಕು.

ನಷ್ಟದ ಮಾತನ್ನೂ ಅನೇಕರು ಎತ್ತುತ್ತಾರೆ. ಪಂಪ್ಡ್ ಸ್ಟೋರೇಜ್ ನೂರು ಯೂನಿಟ್ ನುಂಗಿ ಎಪ್ಪತ್ತೈದರಿಂದ ಎಂಬತ್ತು ಕೊಡುತ್ತದೆ, ಬ್ಯಾಟರಿ ಎಂಬತ್ತೈದರ ಮೇಲೆ. ಶರಾವತಿ ಯೋಜನೆಯ ವಿರೋಧಿಗಳೂ ಇದು ಕೊಡುವುದಕ್ಕಿಂತ ಹೆಚ್ಚು ತಿನ್ನುವ ಯೋಜನೆ ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ನಾನು ಅವರ ಜೊತೆಗಿಲ್ಲ. ಕಡಿತವಾಗಿ ಹೋಗುವ ಯೂನಿಟ್ಟಿನಲ್ಲಿ ಉಳಿಯುವುದು ಸೊನ್ನೆ. ಸೊನ್ನೆಯ ಮುಂದೆ ಎಪ್ಪತ್ತೈದು ಲಾಭವೇ. ಅವರ ಗಟ್ಟಿ ವಾದ ಕಾಡಿನದು, ಅದನ್ನೇ ಅವರು ಹಿಡಿದುಕೊಳ್ಳಬೇಕು.

ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದರೆ ನಾಲ್ಕು ಗಂಟೆಯ ಬ್ಯಾಟರಿ ಏನು ಮಾಡೀತು ಎಂಬುದು ಇನ್ನೊಂದು ಪ್ರಶ್ನೆ. ಏನೂ ಮಾಡದು. ಆರೆಂಟು ಗಂಟೆಯ ಪಂಪ್ಡ್ ಸ್ಟೋರೇಜೂ ಅಷ್ಟೇ. ಆದರೆ ಪಶ್ಚಿಮ ಭಾರತದ ಹವಾಮಾನ ಇಲ್ಲಿ ನಮ್ಮ ಕೈಹಿಡಿದಿದೆ: ಬಿಸಿಲು ಕುಂದುವ ಜೂನ್-ಸೆಪ್ಟೆಂಬರಿನಲ್ಲೇ ಗದಗ, ಚಿತ್ರದುರ್ಗ, ಸಾತಾರಾ, ಸಾಂಗಲಿಗಳ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಜಲಾಶಯಗಳೂ ಆಗಲೇ ತುಂಬುತ್ತವೆ. ಮುಂಬಯಿಯ ಉಪನಗರಗಳಿಗೆ ಜೈಸಲ್ಮೇರಿನಿಂದ ಬರುವ ಕರೆಂಟು ಬಿಸಿಲು-ಗಾಳಿ ಎರಡೂ ಬೆರೆತದ್ದು ಎಂಬುದರ ಹಿಂದೆ ಇದೇ ಲೆಕ್ಕವಿದೆ. ಋತುವಿನಿಂದ ಋತುವಿಗೆ ಸಾಗಿಸುವ ಕೆಲಸವನ್ನು ಹಳೆಯ ದೊಡ್ಡ ಜಲಾಶಯಗಳಿಗೆ ಬಿಡಬೇಕು, ಹೊತ್ತಿನಿಂದ ಹೊತ್ತಿಗೆ ಸಾಗಿಸುವುದನ್ನು ಬ್ಯಾಟರಿಗೆ. ಲಿಂಗನಮಕ್ಕಿಯ ನೀರನ್ನು ದಿನದ ಅಗತ್ಯಕ್ಕೆ ಸುರಿದುಬಿಟ್ಟು, ಮೇ ತಿಂಗಳಲ್ಲಿ ಬ್ಯಾಟರಿಯ ಕಡೆ ನೋಡುವುದು ತಲೆಕೆಳಗಾದ ಕ್ರಮ.

ಇಷ್ಟೆಲ್ಲ ಮಾಡಿದ ಮೇಲೂ ಘಟ್ಟದ ನೀರು ಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಶಿರವತಾ, ಭಿವಪುರಿಗಳಲ್ಲೂ ಮರಗಳಿವೆ, ಊರುಗಳಿವೆ. ನದಿಯನ್ನು ಮುಟ್ಟದೆ, ಬರಡು ಗುಡ್ಡದ ಮೇಲೆ ಹೊಸ ಕೆರೆ ಕಟ್ಟುವ ಆಂಧ್ರದ ಪಿನ್ನಾಪುರಂ ಮಾದರಿ ಹೆಚ್ಚು ಸ್ವಚ್ಛ. ಆದರೆ ಮಳೆಕಾಡಿನ ಸಹ್ಯಾದ್ರಿಯಲ್ಲಿ ಅಂಥ ಗುಡ್ಡ ಹುಡುಕಬೇಕು. ಬೇರೆಯವರ ಕಣಿವೆ ಬೇಕೇ ಬೇಕಾದಾಗ ಕೊಡುವ ಬೆಲೆ ಹೇಗಿರಬೇಕು ಎಂಬುದಕ್ಕೆ ಪಾವಗಡದಲ್ಲಿ ಒಂದು ಪಾಠವಿದೆ. ಅಲ್ಲಿನ 2,050 ಮೆಗಾವ್ಯಾಟಿನ ಸೌರ ಪಾರ್ಕಿಗೆ 13 ಸಾವಿರ ಎಕರೆಯಷ್ಟು ನೆಲ ಬೇಕಾಗಿತ್ತು. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಊರುಗಳ ರೈತರಿಂದ ಅದನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಪಾವಗಡದಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ನೆಲವಿಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಹೋಯಿತು. ಆದರೂ ಪಹಣಿಯಲ್ಲಿ ರೈತನ ಹೆಸರು ಉಳಿದಿದೆ, ಕರೆಂಟು ಹರಿಯುವಷ್ಟು ಕಾಲ ಹಣವೂ ಬರುತ್ತದೆ. ಮುಳಶಿಯಲ್ಲಿ ಒಮ್ಮೆ ಕೊಟ್ಟು ಕೈತೊಳೆದುಕೊಂಡದ್ದಕ್ಕೂ ಇದಕ್ಕೂ ನೂರು ವರ್ಷದ ಅಂತರವಿದೆ. ಪಂಪ್ಡ್ ಸ್ಟೋರೇಜಿನ ಆದಾಯ ಹುಟ್ಟುವುದೇ ಮಧ್ಯಾಹ್ನದ ಎರಡು ರೂಪಾಯಿಗೂ ಸಂಜೆಯ ಹತ್ತು ರೂಪಾಯಿಗೂ ನಡುವಿನ ಅಂತರದಿಂದ. ಆ ಅಂತರದಲ್ಲಿ ಕಣಿವೆಯವರಿಗೆ ವರ್ಷ ವರ್ಷ ಒಂದು ಪಾಲು ಎಂದು ಬರೆದಿಡುವುದು ದಾನವಲ್ಲ, ಯೋಜನೆಯ ಖರ್ಚುಗಳಲ್ಲಿ ಒಂದು.

ವಿದ್ಯುತ್ ದರದ ಅರ್ಜಿಗಳ ಮೇಲೆ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಬಳಕೆದಾರನೂ ಬರೆದು ಕಳಿಸಬಹುದು, ಹೋಗಿ ಮಾತಾಡಬಹುದು. ಅಲ್ಲಿಗೆ ಹೋಗುವ ನಗರದ ಸಂಘಸಂಸ್ಥೆಗಳು ಸಾಮಾನ್ಯವಾಗಿ ಕೇಳುವುದು ದರ ಏರಿಸಬೇಡಿ ಎಂದು. ಶಿರವತಾ, ಭಿವಪುರಿಗಳ ಲೆಕ್ಕ ಆಯೋಗದ ಮುಂದೆ ಬರುವ ದಿನ, ನಗರದೊಳಗಿನ ಬ್ಯಾಟರಿ ಮತ್ತು ಹೊತ್ತಿನ ದರ ಎಷ್ಟು ಭಾರ ಇಳಿಸಿವೆ ಎಂಬುದನ್ನು ಮೊದಲು ತೋರಿಸಿ ಎಂದು ಕೇಳೋಣ. ಬಳಿಕ ಘಟ್ಟದ ಮೇಲಿನ ಊರುಗಳ ವಾರ್ಷಿಕ ಬಾಡಿಗೆ ಆ ಲೆಕ್ಕದಲ್ಲಿ ಬೇರೆಯೇ ಸಾಲಾಗಿ ಕಾಣಬೇಕು ಎಂದು ಕೇಳೋಣ. ಅದರಿಂದ ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚಾಗುವುದಾದರೆ, ಆಕ್ಷೇಪಣೆಯ ಕಾಲಮಿನಲ್ಲಿ ನಮ್ಮ ಸಮ್ಮತಿಯನ್ನು ಬರೆದು ಸಹಿ ಹಾಕಬಹುದು.